ಫೆಬ್ರವರಿಯಲ್ಲೇ ನಿಂತುಹೋಗುವ ಬೈಬಲ್ ಓದು: ಅದನ್ನು ವರ್ಷಪೂರ್ತಿ ಉಳಿಸಿಕೊಳ್ಳುವ ಕ್ರಮ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಸಿ ಮನೆಗೆ ಮರಳುವ ಬಳ್ಳಾರಿ, ರಾಯಚೂರು, ಕೊಪ್ಪಳದ ವಿಶ್ವಾಸಿಗಳಲ್ಲಿ ಅನೇಕರ ಕೈಯಲ್ಲಿ ಎರಡು ಕಾಗದಗಳಿರುತ್ತವೆ: ಒಂದು, ಹೊಸ ವರ್ಷಕ್ಕೆ ದೇವರ ಮಾತೆಂದು ಒಂದು ವಚನ ಬರೆದ ವಾಗ್ದಾನದ ಕಾರ್ಡು, ಇನ್ನೊಂದು ಒಂದು ವರ್ಷದಲ್ಲಿ ಬೈಬಲ್ ಓದಿ ಮುಗಿಸುವ ಪಟ್ಟಿ. ಕಾರ್ಡು ವರ್ಷವಿಡೀ ಬೈಬಲಿನೊಳಗೆ ಭದ್ರವಾಗಿರುತ್ತದೆ. ಪಟ್ಟಿ ಫೆಬ್ರವರಿಯನ್ನು ದಾಟುವುದು ಅಪರೂಪ. ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಪ್ರೊಟೆಸ್ಟೆಂಟ್ ಸಭೆಗಳು ಬಳಸುವ 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ಅವುಗಳನ್ನು 365 ದಿನಗಳಿಗೆ ಹಂಚಿದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯಗಳು ಬೀಳುತ್ತವೆ. ಆದಿಕಾಂಡದ ಕಥೆಗಳು ಜನವರಿಯ ಮೊದಲೆರಡು ವಾರಗಳಲ್ಲಿ ಸರಾಗವಾಗಿ ಸಾಗುತ್ತವೆ, ತಿಂಗಳ ಕೊನೆಯ ಹೊತ್ತಿಗೆ ವಿಮೋಚನಕಾಂಡದ ಆರಾಧನೆಯ ಗುಡಾರದ ಅಳತೆಗಳು ಎದುರಾಗುತ್ತವೆ, ಅದರ ಬೆನ್ನಿಗೇ ಯಾಜಕಕಾಂಡದ ಯಜ್ಞನಿಯಮಗಳು ಬರುತ್ತವೆ. ಅಲ್ಲಿ ನಾಲ್ಕು ದಿನ ತಪ್ಪಿದರೆ ಹನ್ನೆರಡು ಹದಿಮೂರು ಅಧ್ಯಾಯಗಳ ಬಾಕಿ ನಿಲ್ಲುತ್ತದೆ, ಬಾಕಿಯನ್ನು ನೋಡಿದ ಮನಸ್ಸು ಪುಸ್ತಕವನ್ನೇ ಮುಚ್ಚಿಬಿಡುತ್ತದೆ.

ಹೀಗೆ ನಿಂತವರು ತಮ್ಮ ಭಕ್ತಿ ಸಾಲದೆಂದು ಕೊರಗುವುದನ್ನು ಪ್ರತಿ ವರ್ಷ ಕೇಳುತ್ತೇವೆ. ಬಹುತೇಕರಲ್ಲಿ ಭಕ್ತಿಗೆ ಕೊರತೆಯಿಲ್ಲ. ಓದಿನ ಪ್ರಮಾಣ ದೊಡ್ಡದು, ಕ್ರಮ ಸಡಿಲ. ಆತ್ಮಿಕ ಉಜ್ಜೀವನವೆಂದರೆ ಪೆಂಡಾಲಿನ ಮೂರು ದಿನಗಳ ಕೂಟದಲ್ಲಿ ಏಳುವ ಹುಮ್ಮಸ್ಸು ಎಂದು ಭಾವಿಸಿದವರಿಗೆ ಈ ಕೆಳಗಿನ ಹಂತಗಳು ಸಪ್ಪೆಯಾಗಿ ಕಾಣಬಹುದು. ಆದರೆ ಕೂಟ ಮುಗಿದು ಪೆಂಡಾಲು ಬಿಚ್ಚಿದ ಮೇಲೆ ಸೋಮವಾರದ ಬೆಳಗು ಬರುತ್ತದೆ, ಈ ಬರಹ ಆ ಸೋಮವಾರಕ್ಕೆ ಸಂಬಂಧಿಸಿದ್ದು.

## ಆರಂಭಕ್ಕೆ ಮುನ್ನ ಜೋಡಿಸಿಕೊಳ್ಳಬೇಕಾದದ್ದು

ಮೊದಲನೆಯದು, ಕಣ್ಣಿಗೆ ಹಿಡಿಸುವ ಅಕ್ಷರಗಳ ಬೈಬಲ್. ನಲವತ್ತೈದು ದಾಟಿದವರಲ್ಲಿ ಓದು ನಿಲ್ಲಲು ಅನೇಕ ವೇಳೆ ಚಾಳೀಸಿಲ್ಲದಿರುವುದೇ ಕಾರಣ. ಮದುವೆಯಲ್ಲಿ ಉಡುಗೊರೆಯಾಗಿ ಬಂದ, ಚೈನು ಹಾಕುವ ಪುಟ್ಟ ಬೈಬಲನ್ನು ದೀಪದ ಬೆಳಕಿನಲ್ಲಿ ಹಿಡಿದು ಹತ್ತು ನಿಮಿಷಕ್ಕೇ ತಲೆನೋವು ಬರಿಸಿಕೊಂಡವರು ಅದನ್ನು ಮನಸ್ಸಿನ ಬೇಸರವೆಂದು ತಪ್ಪಾಗಿ ತಿಳಿಯುತ್ತಾರೆ. ಒಮ್ಮೆ ಕಣ್ಣು ತೋರಿಸಿಕೊಂಡು, ದೊಡ್ಡ ಅಕ್ಷರದ ಪ್ರತಿಯನ್ನು ಮನೆಯ ಓದಿಗೆ ಇಟ್ಟುಕೊಂಡು, ಚಿಕ್ಕದನ್ನು ಸಭೆಗೆ ಒಯ್ಯುವುದು ಒಳ್ಳೆಯದು.

ಎರಡನೆಯದು, ಅನುವಾದದ ಆಯ್ಕೆ. ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದುಕೊಂಡು ಮಾಡಿದ ಕೆಲಸದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂದ ನೆಲ ಇದು. ಆ ಚರಿತ್ರೆ ಹೆಮ್ಮೆಯದೇ ಆದರೂ ದಿನದ ಓದಿಗೆ ಬೇಕಾಗುವುದು ಈಗ ಅರ್ಥವಾಗುವ ಭಾಷೆ. ಸಭೆಯಲ್ಲಿ ಓದುವ ಹಳೆಯ ಅನುವಾದದ ವಾಕ್ಯಗಳು ಕಿವಿಗೆ ಪರಿಚಿತ, ಬಾಯಿಪಾಠಕ್ಕೂ ಅನುಕೂಲ. ಪತ್ರಿಕೆಗಳಲ್ಲಿ, ಅಂದರೆ ಪೌಲ ಮೊದಲಾದವರು ವಿಶ್ವಾಸಿಗಳಿಗೆ ಬರೆದ ಪತ್ರಗಳಲ್ಲಿ, ವಾಕ್ಯ ಉದ್ದವಾಗಿ ಅರ್ಥ ಜಾರುವಾಗ ಸರಳ ಭಾಷೆಯ ಅನುವಾದವನ್ನು ಪಕ್ಕದಲ್ಲಿ ತೆರೆದಿಟ್ಟರೆ ಸಾಕು. ತೆಲುಗು ಮನೆಮಾತಾಗಿರುವ ಕುಟುಂಬಗಳು ಬಳ್ಳಾರಿ, ರಾಯಚೂರಿನಲ್ಲಿ ಬಹಳ. ಅಂಥವರು ಹೃದಯಕ್ಕೆ ಹತ್ತಿರವಾದ ಭಾಷೆಯಲ್ಲೇ ಓದಲಿ, ಅದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ. ಅಧ್ಯಾಯ ಮತ್ತು ವಚನಗಳ ಸಂಖ್ಯೆ ಹೆಚ್ಚುಕಡಿಮೆ ಎರಡರಲ್ಲೂ ಒಂದೇ ಆಗಿರುವುದರಿಂದ ಅಮ್ಮ ತೆಲುಗಿನಲ್ಲಿ, ಮಕ್ಕಳು ಕನ್ನಡದಲ್ಲಿ ಜೊತೆಯಾಗಿ ಓದಬಹುದು.

ಉಳಿದವು ಸಣ್ಣ ವಸ್ತುಗಳು: ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಪುಟದ ಗುರುತಿಗೆ ಒಂದು ಪಟ್ಟಿದಾರ, ಕರೆಂಟು ಹೋದಾಗ ಹಚ್ಚಲು ಚಾರ್ಜಿಂಗ್ ಲೈಟು. ಬೈಬಲಿನ ಕಾಗದ ತೆಳುವಾಗಿರುವುದರಿಂದ ಜೆಲ್ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ, ಆದ್ದರಿಂದ ಪೆನ್ಸಿಲ್ಲೇ ಇರಲಿ. ಮೊಬೈಲಿನಲ್ಲಿ ಓದುವುದು ತಪ್ಪಲ್ಲ, ಗುಳೆ ಹೋದವರಿಗೆ ಅದೊಂದೇ ದಾರಿಯೂ ಹೌದು. ಆದರೆ ಓದು ಆರಂಭಿಸುವ ಮುನ್ನ ಫ್ಲೈಟ್ ಮೋಡ್ ಒತ್ತದಿದ್ದರೆ ಮೂರನೆಯ ವಚನಕ್ಕೆ ವಾಟ್ಸ್ಆ್ಯಪ್ ಸದ್ದು ಮಾಡುತ್ತದೆ, ನಾಲ್ಕನೆಯ ವಚನ ಆ ದಿನ ಬರುವುದೇ ಇಲ್ಲ.

## ಹಂತ 1: ಓದನ್ನು ದಿನಚರಿಯ ಒಂದು ಕೆಲಸಕ್ಕೆ ಕಟ್ಟುವುದು

ಬೆಳಗಿನ ಐದು ಗಂಟೆಗೆ ಎದ್ದು ಓದಬೇಕೆಂಬ ಉಪದೇಶವನ್ನು ನಾವೆಲ್ಲರೂ ಕೇಳಿದ್ದೇವೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ್ದನ್ನು ಮಾರ್ಕ 1:35 ಹೇಳುತ್ತದೆ, ಅದು ಒಳ್ಳೆಯ ಮಾದರಿಯೇ. ಆದರೆ ತೋರಣಗಲ್ಲಿನ ಕಾರ್ಖಾನೆಯಲ್ಲೋ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲೋ ಹಟ್ಟಿಯ ಗಣಿಯಲ್ಲೋ ಪಾಳಿ ಬದಲಾಗುತ್ತ ದುಡಿಯುವವರಿಗೆ ಬೆಳಗಿನ ಐದು ಗಂಟೆ ಒಂದು ವಾರ ಏಳುವ ಹೊತ್ತು, ಇನ್ನೊಂದು ವಾರ ಡ್ಯೂಟಿಯ ಹೊತ್ತು. ಮನೆಯ ಹೆಣ್ಣುಮಕ್ಕಳಿಗೆ ಅದು ನೀರು ಹಿಡಿಯುವ, ರೊಟ್ಟಿ ಬಡಿಯುವ ಸಮಯ. ಹೀಗಾಗಿ ಗಡಿಯಾರದ ಗಂಟೆಯನ್ನು ಗೊತ್ತು ಮಾಡುವುದಕ್ಕಿಂತ ಪ್ರತಿದಿನ ತಪ್ಪದೆ ನಡೆಯುವ ಒಂದು ಕೆಲಸವನ್ನು ಆರಿಸಿ, ಅದರ ಬೆನ್ನಿಗೆ ಓದನ್ನು ಇಡಬೇಕು.

ಪಾಳಿಯವರು ಡ್ಯೂಟಿಯಿಂದ ಬಂದು ಸ್ನಾನ ಮಾಡಿದ ನಂತರ ಎಂದು ಗೊತ್ತು ಮಾಡಿಕೊಳ್ಳಲಿ. ಮಕ್ಕಳನ್ನು ಶಾಲೆಗೆ ಕಳಿಸುವ ತಾಯಂದಿರು ಬಾಗಿಲು ಹಾಕಿದ ಕೂಡಲೇ, ಮುಸುರೆಗೆ ಕೈ ಹಾಕುವ ಮುನ್ನ, ಕುಳಿತುಕೊಳ್ಳಲಿ. ಅಂಗಡಿಯವರಿಗೆ ಶಟರ್ ಎತ್ತಿ ಗಿರಾಕಿಗಳು ಬರುವ ಮುಂಚಿನ ಹೊತ್ತಿದೆ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ನಾಟಿಯ ದಿನಗಳಲ್ಲಿ ನಸುಕಿಗೇ ಆಟೋ ಹತ್ತುವ ಕೂಲಿಯವರು ಆ ಮೂರು ನಾಲ್ಕು ವಾರಗಳಿಗೆ ಓದನ್ನು ರಾತ್ರಿಗೆ ಬದಲಿಸಿ, ಒಂದು ಅಧ್ಯಾಯದ ಬದಲು ಐದಾರು ವಚನಗಳಿಗೆ ಇಳಿಸಿಕೊಳ್ಳಬೇಕು. ಸುಗ್ಗಿಗೂ ನಾಟಿಗೂ ಬೇರೆ ಕ್ರಮವನ್ನು ಮೊದಲೇ ಯೋಚಿಸಿಟ್ಟವರ ಓದು ಉಳಿಯುತ್ತದೆ, ಯೋಚಿಸದವರ ಓದು ಆ ಹಂಗಾಮಿನಲ್ಲೇ ಮುರಿಯುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೂ ಇದೇ ಮಾತು. ಮಾಳಿಗೆಯ ಮೇಲೆ ಎಲ್ಲರೂ ಒಟ್ಟಿಗೆ ಮಲಗುವ ಆ ದಿನಗಳಲ್ಲಿ ರಾತ್ರಿಯ ಓದು ಹರಟೆಯಲ್ಲಿ ಕರಗಿಹೋಗುವುದರಿಂದ ನಸುಕಿನ ತಂಪೇ ಸೂಕ್ತ.

ಅವಧಿ ಇಪ್ಪತ್ತು ನಿಮಿಷ ಸಾಕು. ಮೊದಲ ವಾರವೇ ಒಂದು ಗಂಟೆ ಕುಳಿತವರು ಮೂರನೆಯ ವಾರಕ್ಕೆ ಕಾಣೆಯಾಗುತ್ತಾರೆ.

## ಹಂತ 2: ಎಲ್ಲಿಂದ ಹಿಡಿದು ಎಲ್ಲಿಗೆ

ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ದಿನಕ್ಕೊಂದರಂತೆ ವಾರಕ್ಕೆ ಐದು ದಿನ ಓದಿದರೆ ಸರಿಯಾಗಿ 52 ವಾರಗಳಾಗುತ್ತವೆ. ಆರನೆಯ ದಿನವನ್ನು ತಪ್ಪಿದ್ದನ್ನು ಓದಲು ಅಥವಾ ಸುಮ್ಮನೆ ಹಿಂದಿರುಗಿ ನೋಡಲು ಬಿಡಬೇಕು, ಭಾನುವಾರ ಸಭೆಯ ಓದು ಇದ್ದೇ ಇರುತ್ತದೆ. ವರ್ಷವನ್ನು ಯಾವ ಸೋಮವಾರದಿಂದಲಾದರೂ ಆರಂಭಿಸಬಹುದು, ಜನವರಿಗೆ ಕಾಯಬೇಕಾಗಿಲ್ಲ.

ಮತ್ತಾಯನಿಂದ ಆರಂಭಿಸುವವರು ಮೊದಲ 17 ವಚನಗಳ ವಂಶಾವಳಿಯಲ್ಲೇ ಉಸಿರು ಬಿಡುವುದುಂಟು. ಆದ್ದರಿಂದ ಮಾರ್ಕನಿಂದ ಹೊರಡಿ. 16 ಅಧ್ಯಾಯಗಳ ಈ ಸುವಾರ್ತೆ ಘಟನೆಯಿಂದ ಘಟನೆಗೆ ವೇಗವಾಗಿ ಸಾಗುತ್ತದೆ, 11ನೆಯ ಅಧ್ಯಾಯದಿಂದ ಕೊನೆಯವರೆಗೆ ಯೇಸುವಿನ ಕಡೆಯ ವಾರದ ಮೇಲೆಯೇ ನಿಲ್ಲುತ್ತದೆ. ಅದರ ಬಳಿಕ ಪೌಲನು ಸೆರೆಯಿಂದ ಬರೆದ, 4 ಅಧ್ಯಾಯಗಳ ಫಿಲಿಪ್ಪಿಯವರ ಪತ್ರಿಕೆ. ಇಲ್ಲಿಗೆ ನಾಲ್ಕು ವಾರ ತುಂಬುತ್ತದೆ. ಮುಂದೆ ಲೂಕನ ಸುವಾರ್ತೆಯನ್ನೂ ಅಪೊಸ್ತಲರ ಕೃತ್ಯಗಳನ್ನೂ ಒಂದರ ಹಿಂದೆ ಒಂದು ಓದಬೇಕು. ಎರಡೂ ಥೆಯೊಫಿಲನೆಂಬವನಿಗೆ ಬರೆದ ಒಂದೇ ವೃತ್ತಾಂತದ ಎರಡು ಭಾಗಗಳು. ಆಮೇಲೆ ಯಾಕೋಬ, ಎಫೆಸ, 1 ಪೇತ್ರದಂಥ ಸಣ್ಣ ಪತ್ರಿಕೆಗಳು, ಯೋಹಾನನ ಸುವಾರ್ತೆ, ರೋಮಾಪುರದವರಿಗೆ ಬರೆದದ್ದು, ಮತ್ತಾಯ, ಇತರ ಪತ್ರಿಕೆಗಳು. ಪ್ರಕಟನೆ ಕೊನೆಗಿರಲಿ. ಕುತೂಹಲಕ್ಕೆ ಅದನ್ನೇ ಮೊದಲು ತೆರೆದವರಲ್ಲಿ ಚೈತನ್ಯಕ್ಕಿಂತ ಗಾಬರಿಯೇ ಹೆಚ್ಚು ಕಂಡುಬರುತ್ತದೆ.

ಕೀರ್ತನೆಗಳು 150. ಅವುಗಳಿಗೆ ಬೇರೆ ದಿನ ಗೊತ್ತುಮಾಡದೆ, ಮಲಗುವ ಮುನ್ನ ಒಂದರಂತೆ ಓದುವುದು ನಡೆದುಬಂದ ಒಳ್ಳೆಯ ರೂಢಿ. 176 ವಚನಗಳ 119ನೆಯ ಕೀರ್ತನೆಯನ್ನು ಮಾತ್ರ ಎಂಟೆಂಟು ವಚನಗಳ 22 ಭಾಗಗಳಾಗಿ, ಅದು ಇರುವ ಹಾಗೆಯೇ, ಒಡೆದುಕೊಳ್ಳಬೇಕು.

ಹಳೆಯ ಒಡಂಬಡಿಕೆಗೆ ಎರಡನೆಯ ವರ್ಷ ಇಳಿಯಿರಿ, ಇಳಿಯುವಾಗ ಕಥೆಯ ಎಳೆಯನ್ನು ಮೊದಲು ಹಿಡಿಯಿರಿ: ಆದಿಕಾಂಡ, ವಿಮೋಚನಕಾಂಡದ ಮೊದಲ 20 ಅಧ್ಯಾಯಗಳು, ಬಂಗಾರದ ಹೋರಿಯ ಪ್ರಸಂಗವಿರುವ 32ರಿಂದ 34, ರೂತಳು, ಸಮುವೇಲನ ಎರಡು ಪುಸ್ತಕಗಳು. ಯಾಜಕಕಾಂಡಕ್ಕೆ 19ನೆಯ ಅಧ್ಯಾಯದ ಬಾಗಿಲಿನಿಂದ ಪ್ರವೇಶಿಸುವುದು ಸುಲಭ. ಬೆಳೆ ಕೊಯ್ಯುವಾಗ ಹೊಲದ ಅಂಚನ್ನು ಬಿಡಬೇಕು, ಹಕ್ಕಲು, ಅಂದರೆ ಕೊಯ್ಲಿನಲ್ಲಿ ಉದುರಿ ಉಳಿದದ್ದು, ಬಡವರಿಗೂ ಪರದೇಶಿಗೂ ಸೇರಿದ್ದು ಎಂದು ಅಲ್ಲಿ 9 ಮತ್ತು 10ನೆಯ ವಚನಗಳು ಹೇಳುತ್ತವೆ. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಇದೇ ನಿಯಮದ ಆಸರೆಯಿಂದ. ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲಾಯ್ದು ಗೊತ್ತಿರುವ ನಮ್ಮ ಸೀಮೆಯವರಿಗೆ ಈ ನಿಯಮದ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ನಿಯಮಗಳ ಹಿಂದೆ ಜನರ ಹೊಟ್ಟೆಪಾಡು ಕಾಣಿಸತೊಡಗಿದ ಮೇಲೆ ಉಳಿದ ಅಧ್ಯಾಯಗಳು ಅಷ್ಟು ಭಾರವೆನಿಸುವುದಿಲ್ಲ.

ಕಥೋಲಿಕ ಸಭೆಯವರಿಗೆ ಪ್ರತಿದಿನದ ಬಲಿಪೂಜೆಯ ವಾಚನಗಳ ಕ್ರಮವೇ ಸಿದ್ಧವಾಗಿ ದೊರೆಯುತ್ತದೆ. ಅವರು ಈ ಹಂತವನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು.

## ಹಂತ 3: ಒಂದು ದಿನದ ಓದು ಹೇಗಿರಬೇಕು

ಹೆಚ್ಚಿನವರು ಎಡವುವುದು ಇಲ್ಲಿ. ಕಣ್ಣು ಸಾಲುಗಳ ಮೇಲೆ ಹರಿಯುತ್ತದೆ, ಅಧ್ಯಾಯ ಮುಗಿಯುತ್ತದೆ, ಪಟ್ಟಿಯಲ್ಲಿ ಒಂದು ಗುರುತು ಬೀಳುತ್ತದೆ. ಏನು ಓದಿದಿರಿ ಎಂದು ಮಧ್ಯಾಹ್ನ ಕೇಳಿದರೆ ಉತ್ತರ ಬರುವುದಿಲ್ಲ. ಇದನ್ನು ತಡೆಯಲು ಕೆಳಗಿನ ಕ್ರಮವನ್ನು ಒಂದೂ ಬಿಡದೆ, ಹಿಂದುಮುಂದು ಮಾಡದೆ ಪಾಲಿಸಬೇಕು.

1. ಒಂದು ನಿಮಿಷ ಸುಮ್ಮನೆ ಕುಳಿತು, ಓದುವುದನ್ನು ಗ್ರಹಿಸುವ ಮನಸ್ಸು ಕೊಡೆಂದು ಚಿಕ್ಕದಾಗಿ ಪ್ರಾರ್ಥಿಸಿ. ಉದ್ದ ಪ್ರಾರ್ಥನೆಯನ್ನು ಕೊನೆಗೆ ಇಟ್ಟುಕೊಳ್ಳಿ.

2. ಭಾಗವನ್ನು ಒಮ್ಮೆ ಎಲ್ಲೂ ನಿಲ್ಲದೆ ಬಾಯಿಬಿಟ್ಟು ಓದಿ. ಪಕ್ಕದವರು ಮಲಗಿದ್ದರೆ ಪಿಸುದನಿಯಾದರೂ ಸಾಕು, ತುಟಿ ಅಲುಗಬೇಕು. ಬಾಯಿಬಿಟ್ಟು ಓದಿದ್ದು ಸುಮ್ಮನೆ ಕಣ್ಣಾಡಿಸಿದ್ದಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ.

3. ಎರಡನೆಯ ಸಲ ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿ. ಮತ್ತೆ ಮತ್ತೆ ಬರುವ ಮಾತಿಗೆ ಅಡಿಗೆರೆ, ಅರ್ಥವಾಗದ್ದಕ್ಕೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಮಾತಿನ ದಿಕ್ಕು ತಿರುಗುವ ಕಡೆ ಒಂದು ಅಡ್ಡಗೀಟು. ಈ ಮೂರಕ್ಕಿಂತ ಹೆಚ್ಚಿನ ಗುರುತುಗಳು ಬೇಡ. ಐದು ಬಣ್ಣದ ಹೈಲೈಟರುಗಳಿಂದ ಬೈಬಲನ್ನು ರಂಗೋಲಿ ಮಾಡಿದವರು ಬಣ್ಣ ಆರಿಸುವುದರಲ್ಲೇ ಸಮಯ ಕಳೆಯುತ್ತಾರೆ.

4. ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆಗಳಿಗೆ ಒಂದೊಂದು ಸಾಲು ಉತ್ತರ ಬರೆಯಿರಿ: ಇಲ್ಲಿ ಯಾರು ಯಾರಿಗೆ ಮಾತಾಡುತ್ತಿದ್ದಾರೆ? ದೇವರ ವಿಷಯದಲ್ಲಿ ಏನು ಹೇಳಲಾಗಿದೆ? ಮಾತು ಎಲ್ಲಿ ತಿರುಗುತ್ತದೆ?

5. ಓದಿದ್ದರ ಸಾರವನ್ನು ನಿಮ್ಮ ಮನೆಯ ಮಾತಿನಲ್ಲಿ ಒಂದೇ ವಾಕ್ಯವಾಗಿ ಬರೆಯಿರಿ. ಪ್ರಸಂಗದ ಭಾಷೆ ನುಸುಳಿದರೆ ಅಳಿಸಿ ಮತ್ತೆ ಬರೆಯಿರಿ.

6. ಆ ವಾಕ್ಯವನ್ನೇ ಹಿಡಿದು ಪ್ರಾರ್ಥಿಸಿ ಏಳಿ.

ಉದಾಹರಣೆಗೆ 13ನೆಯ ಕೀರ್ತನೆಯನ್ನು ತೆಗೆದುಕೊಳ್ಳೋಣ, ಅದರಲ್ಲಿ ಆರೇ ವಚನಗಳಿವೆ. ಮೊದಲ ಓದಿನಲ್ಲಿ ಅದು ಒಂದು ದುಃಖದ ಹಾಡೆಂಬುದಷ್ಟೇ ತಿಳಿಯುತ್ತದೆ. ಪೆನ್ಸಿಲ್ ಹಿಡಿದಾಗ ಮೊದಲೆರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುವುದು ಕಾಣುತ್ತದೆ, ಅಲ್ಲಿಗೆ ಅಡಿಗೆರೆ. 3 ಮತ್ತು 4ರಲ್ಲಿ ಪ್ರಶ್ನೆ ನಿಂತು ಬೇಡಿಕೆ ಮೊದಲಾಗುತ್ತದೆ: ನನ್ನನ್ನು ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. 5ಕ್ಕೆ ಬಂದಾಗ ಮಾತು ಭರವಸೆಯ ಕಡೆ ತಿರುಗುತ್ತದೆ, ಅಲ್ಲಿ ಅಡ್ಡಗೀಟು. ಈಗ ಗಮನಿಸಬೇಕಾದದ್ದು 4ಕ್ಕೂ 5ಕ್ಕೂ ನಡುವೆ ಏನು ಬದಲಾಯಿತು ಎಂಬುದು. ಶತ್ರು ಹೋದನೆಂದು ಎಲ್ಲಿಯೂ ಹೇಳಿಲ್ಲ. ಸಂಕಟ ತೀರಿತೆಂದೂ ಇಲ್ಲ. ದೇವರನ್ನು ಪ್ರಶ್ನಿಸಿದವನು ದೇವರ ಹತ್ತಿರವೇ ನಿಂತು ಬೇಡಿಕೊಂಡಿದ್ದಾನೆ, ನಿಂತಲ್ಲಿಯೇ ಹಾಡಿಗೆ ಬಂದಿದ್ದಾನೆ. ಹತ್ತಿಯ ದರ ಬಿದ್ದು ಸಾಲ ಕಟ್ಟಲಾಗದ ಒಬ್ಬ ಓದುಗರು ನೋಟ್‌ಬುಕ್ಕಿನ ಸಾರದ ವಾಕ್ಯವನ್ನು ಹೀಗೆ ಬರೆಯಬಹುದು: ‘ಸಾಲದವ ಬಾಗಿಲಿಗೆ ಬರೂದು ನಿಂತಿಲ್ಲ, ಆದರೂ ಇವತ್ತು ದೇವರ ಮುಂದ ಬಾಯಿ ಬಿಟ್ಟು ಕೇಳೀನಿ.’ ಇಂಥ ಒಂದು ವಾಕ್ಯ ಸಿಕ್ಕ ದಿನದ ಓದು ಪೂರ್ಣವಾಯಿತೆಂದೇ ತಿಳಿಯಬೇಕು.

ಕೆಲವು ದಿನ ಯಾವ ವಾಕ್ಯವೂ ಸಿಗುವುದಿಲ್ಲ. ಆಗ ‘ಇಂದು ತಿಳಿಯಲಿಲ್ಲ’ ಎಂದು ತಾರೀಖಿನೊಂದಿಗೆ ಬರೆದು ಏಳಿ. ಅನುಭವವನ್ನು ಬಲವಂತವಾಗಿ ಹಿಂಡಲು ಹೊರಟಾಗ ಓದಿನಲ್ಲಿ ನಟನೆ ಸೇರಿಕೊಳ್ಳುತ್ತದೆ.

## ಹಂತ 4: ವಚನವನ್ನು ಅದರ ಜಾಗದಲ್ಲೇ ಇಟ್ಟು ಓದುವುದು

ವಾಗ್ದಾನದ ಕಾರ್ಡುಗಳಲ್ಲಿ ಬಹಳ ಸಲ ಕಾಣಿಸುವ ವಚನಗಳಲ್ಲಿ ಯೆರೆಮೀಯ 29:11 ಒಂದು: ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವ ಯೋಚನೆಗಳು ನನಗಿವೆ ಎಂಬ ಭಾವದ್ದು. ಕಾರ್ಡು ಕೈಗೆ ಬಂದವರು ಅದೇ ವರ್ಷ ನೌಕರಿ, ಮದುವೆ, ಮನೆ ಇವುಗಳಲ್ಲೊಂದು ಕೈಗೂಡುತ್ತದೆಂದು ಎಣಿಸುತ್ತಾರೆ, ಕೈಗೂಡದಿದ್ದಾಗ ಡಿಸೆಂಬರಿನಲ್ಲಿ ಮೌನವಾಗಿ ಕುಸಿಯುತ್ತಾರೆ.

ಇದಕ್ಕೆ ಪರಿಹಾರ ಆ ಅಧ್ಯಾಯವನ್ನು ಒಂದನೆಯ ವಚನದಿಂದ ಓದುವುದೇ. ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಕಳಿಸಿದ ಪತ್ರ. 5ರಿಂದ 7ನೆಯ ವಚನಗಳಲ್ಲಿ ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ಉಣ್ಣಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದಿದೆ. 10ನೆಯ ವಚನ ಎಪ್ಪತ್ತು ವರ್ಷಗಳ ಲೆಕ್ಕವನ್ನು ಕೊಡುತ್ತದೆ. ಹಿಂದಿನ 28ನೆಯ ಅಧ್ಯಾಯದಲ್ಲಿ ಹನನ್ಯನೆಂಬವನು ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಯಾಗುತ್ತದೆಂದು ಜನರಿಗೆ ಹಿತವಾಗಿ ಹೇಳಿದ್ದ, ಅವನ ಮಾತು ಸುಳ್ಳಾಯಿತು. ಇಷ್ಟನ್ನೂ ಓದಿದ ಮೇಲೆ 11ನೆಯ ವಚನ ಚಿಕ್ಕದಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಲಿಂಗಸುಗೂರಿನಿಂದಲೋ ಕುಷ್ಟಗಿಯಿಂದಲೋ ಗುಳೆ ಹೋಗಿ ಬೆಂಗಳೂರಿನ ಕಟ್ಟಡವೊಂದರ ಪಕ್ಕದ ತಗಡಿನ ಶೆಡ್ಡಿನಲ್ಲಿರುವ ಕುಟುಂಬಕ್ಕೆ ‘ನೀವಿರುವ ಪಟ್ಟಣದ ಕ್ಷೇಮ’ ಎಂಬ ಮಾತು ಕಾರ್ಡಿನ ಒಂದು ಸಾಲಿಗಿಂತ ಎಷ್ಟೋ ಹೆಚ್ಚಿನದನ್ನು ಹೇಳಬಲ್ಲದು.

ಪುಸ್ತಕದ ಬಗೆಯನ್ನೂ ನೋಡಬೇಕು. ಕಥೆಯಲ್ಲಿ ನಡೆದದ್ದೆಲ್ಲ ಅನುಸರಿಸಲು ಬರೆದದ್ದಲ್ಲ: ನ್ಯಾಯಸ್ಥಾಪಕರು 11ರಲ್ಲಿ ಯೆಫ್ತಾಹನು ಅವಸರದಿಂದ ಹೊತ್ತ, ಸ್ವಂತ ಮಗಳಿಗೇ ಮುಳುವಾದ ಹರಕೆಯು ಎಚ್ಚರಿಕೆಯ ಕಥೆ. ಜ್ಞಾನೋಕ್ತಿಗಳು ಬದುಕಿನ ಸಾಮಾನ್ಯ ರೀತಿಯನ್ನು ಹೇಳುತ್ತವೆ, ಪ್ರತಿಯೊಂದನ್ನೂ ಖಾತ್ರಿಪತ್ರದಂತೆ ಹಿಡಿಯಬಾರದು. ಪತ್ರಿಕೆಗಳನ್ನು ಒಂದು ಸಲವಾದರೂ ಆರಂಭದಿಂದ ಅಂತ್ಯದವರೆಗೆ ಒಂದೇ ಕೂತಿಗೆ ಓದಬೇಕು. ಮನೆಗೆ ಬಂದ ಕಾಗದವನ್ನು ಯಾರೂ ದಿನಕ್ಕೆ ನಾಲ್ಕು ಸಾಲಿನಂತೆ ಓದುವುದಿಲ್ಲ.

## ಹಂತ 5: ಒಂದು ಕೆಲಸ, ಅದೂ ಆ ದಿನವೇ

ವಾರಕ್ಕೊಮ್ಮೆ, ಬಿಡುವಿನ ಆರನೆಯ ದಿನ, ನೋಟ್‌ಬುಕ್ಕಿನ ಐದು ವಾಕ್ಯಗಳನ್ನು ಒಟ್ಟಿಗೆ ಓದಿ, ಅವುಗಳಲ್ಲೊಂದಕ್ಕೆ ಕೈಕಾಲು ಕೊಡಿ. ‘ಇನ್ನು ಮೇಲೆ ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂಬಂಥ ತೀರ್ಮಾನ ಯಾರನ್ನೂ ಮುಟ್ಟುವುದಿಲ್ಲ. ಮಾತು ಬಿಟ್ಟ ತಮ್ಮನಿಗೆ ಫೋನ್ ಮಾಡುವುದು, ಕೂಲಿಯಾಳಿನ ಹಿಡಿದಿಟ್ಟ ಬಟವಾಡೆಯನ್ನು ಸಂಜೆಯೊಳಗೆ ಕೊಡುವುದು, ಕಿರಾಣಿ ಅಂಗಡಿಯ ಉದ್ರಿಯನ್ನು ಮುಂದೂಡದೆ ಒಂದು ಭಾಗವನ್ನಾದರೂ ತೀರಿಸುವುದು, ಇವು ಮುಟ್ಟುತ್ತವೆ. ಕೂಲಿಯವರ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ 19:13 ಹೇಳಿದೆ, ಯಾಕೋಬನ ಪತ್ರಿಕೆಯ 5:4 ಅದೇ ವಿಷಯವನ್ನು ಇನ್ನೂ ಕಠಿಣವಾಗಿ ಎತ್ತಿದೆ.

ಚೈತನ್ಯ ಮರಳಿತೇ ಎಂದು ಭಾವನೆಯಿಂದ ಅಳೆಯಲು ಹೋದರೆ ಒಂದು ವಾರ ಏರು, ಇನ್ನೊಂದು ವಾರ ಇಳಿತ. ನಂಬಬಹುದಾದ ಗುರುತುಗಳು ಬೇರೆ: ಸಿಟ್ಟು ಬಂದ ಗಳಿಗೆಯಲ್ಲಿ ಓದಿದ ಮಾತೊಂದು ಅಡ್ಡ ಬರುವುದು, ಕ್ಷಮೆ ಕೇಳಲು ಮೊದಲು ಹಿಡಿಯುತ್ತಿದ್ದ ದಿನಗಳು ಕಡಿಮೆಯಾಗುವುದು, ಪ್ರಾರ್ಥನೆಯಲ್ಲಿ ಬೇರೆಯವರ ಹೆಸರುಗಳು ಹೆಚ್ಚುವುದು. ಇವನ್ನು ಮನೆಯವರು ನಿಮಗಿಂತ ಮುಂಚೆ ಗುರುತಿಸುತ್ತಾರೆ.

## ಹಂತ 6: ತಪ್ಪಿಹೋದ ದಿನಗಳನ್ನು ನಿಭಾಯಿಸುವುದು

ಓದು ತಪ್ಪುತ್ತದೆ. ಜ್ವರ, ಮದುವೆ, ಊರ ಜಾತ್ರೆಗೆ ಬಂದ ಬೀಗರು, ಡಬಲ್ ಡ್ಯೂಟಿ, ಯಾವುದೋ ಒಂದು ಬಂದೇ ಬರುತ್ತದೆ. ಒಂದೆರಡು ದಿನಗಳಾದರೆ ಆರನೆಯ ದಿನ ಅದನ್ನು ಹೀರಿಕೊಳ್ಳುತ್ತದೆ. ಮೂರು ದಿನಕ್ಕಿಂತ ಹೆಚ್ಚಾದರೆ ಬಾಕಿಯನ್ನು ಪೂರ್ತಿ ಮನ್ನಾ ಮಾಡಿ, ನಿಂತ ಅಧ್ಯಾಯದಿಂದಲೇ ಮುಂದುವರಿಯಿರಿ. ವರ್ಷದ ಪಟ್ಟಿ ಹದಿಮೂರನೆಯ ತಿಂಗಳಿಗೆ ಚಾಚಿದರೆ ಯಾರಿಗೂ ನಷ್ಟವಿಲ್ಲ. ನಾಲೆಯ ಕೊನೆಭಾಗದ ರೈತ ಹದಿನೈದು ದಿನ ನೀರು ಬರಲಿಲ್ಲವೆಂದು ಬಂದ ದಿನ ಅಷ್ಟನ್ನೂ ಒಂದೇ ಸಲ ಗದ್ದೆಗೆ ನುಗ್ಗಿಸಿದರೆ ಬದು ಒಡೆಯುತ್ತದೆ, ಬೆಳೆಗೆ ಸಿಗುವುದು ಬೇರು ಹೀರುವಷ್ಟೇ. ಒಂದೇ ರಾತ್ರಿ ಹದಿನೈದು ಅಧ್ಯಾಯ ಓದಿ ಬಾಕಿ ತೀರಿಸುವವರ ಗತಿಯೂ ಅದೇ.

ತಿಂಗಳುಗಟ್ಟಲೆ ಬಿಟ್ಟವರು ಮರಳುವಾಗ ಹಳೆಯ ಜಾಗಕ್ಕೆ ಹೋಗದೆ ಮಾರ್ಕನ ಮೊದಲ ಅಧ್ಯಾಯಕ್ಕೆ ಬರುವುದು ಉತ್ತಮ.

## ಹಂತ 7: ಒಬ್ಬರನ್ನಾದರೂ ಜೊತೆಗೆ ಸೇರಿಸಿಕೊಳ್ಳುವುದು

ವಾರಕ್ಕೊಮ್ಮೆ ಹತ್ತು ನಿಮಿಷ, ಎದುರಿಗೋ ಫೋನಿನಲ್ಲೋ, ಒಬ್ಬ ಜೊತೆಗಾರರೊಂದಿಗೆ ನೋಟ್‌ಬುಕ್ಕಿನ ಒಂದು ವಾಕ್ಯವನ್ನೂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಂಚಿಕೊಳ್ಳಿ. ಗುಂಪು ದೊಡ್ಡದಾದಷ್ಟೂ ಒಬ್ಬರೇ ಮಾತಾಡಿ ಉಳಿದವರು ಆಮೆನ್ ಹೇಳುವಂತಾಗುತ್ತದೆ, ಆದ್ದರಿಂದ ಇಬ್ಬರು ಮೂವರು ಸಾಕು. ಹಾಗೆಯೇ ಉಳಿದ ಪ್ರಶ್ನೆಗಳನ್ನು ತಿಂಗಳಿಗೊಮ್ಮೆ ಸಭಾಪಾಲಕರ ಬಳಿಗೋ ಫಾದರ್ ಬಳಿಗೋ ಒಯ್ಯಿರಿ. ಯೆಹೋಶುವ, ನ್ಯಾಯಸ್ಥಾಪಕರ ಯುದ್ಧಗಳು, 137ನೆಯ ಕೀರ್ತನೆಯ ಕೊನೆಯ ವಚನ, ಇವು ಎಂಥವರನ್ನೂ ತಡೆದು ನಿಲ್ಲಿಸುತ್ತವೆ. ಸುಲಭದ ಉತ್ತರವಿದೆಯೆಂದು ನಟಿಸುವುದಕ್ಕಿಂತ ಪ್ರಶ್ನೆಯನ್ನು ಹಾಗೆಯೇ ಇಟ್ಟು ಮುಂದಕ್ಕೆ ಓದುವುದು ಪ್ರಾಮಾಣಿಕವಾದ ದಾರಿ.

ಓದು ಬಾರದ ಹಿರಿಯರು ನಮ್ಮ ಹಳ್ಳಿಗಳ ಸಭೆಗಳಲ್ಲಿ ಸಾಕಷ್ಟಿದ್ದಾರೆ. ಕನ್ನಡದಲ್ಲಿ ಧ್ವನಿ ಬೈಬಲುಗಳು ಮೊಬೈಲಿನಲ್ಲಿ ಉಚಿತವಾಗಿ ದೊರೆಯುತ್ತವೆ, ಆದರೆ ಅದಕ್ಕಿಂತ ಒಳ್ಳೆಯ ಏರ್ಪಾಡೊಂದು ಮನೆಯಲ್ಲೇ ಇದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮೊಮ್ಮಗ ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾನೆ, ಅಜ್ಜಿಗೆ ಓದು ಬಾರದಿದ್ದರೂ ಅರ್ಧ ಸುವಾರ್ತೆ ಬಾಯಲ್ಲಿರುತ್ತದೆ. ಅವನು ಸಾಲಿನಲ್ಲಿ ತೊಡರಿದಾಗ ‘ತಮ್ಮಾ, ಇನ್ನೊಮ್ಮಿ ಓದು, ಅವಸರ ಮಾಡಬ್ಯಾಡ’ ಎಂದು ಆಕೆ ತಡೆದರೆ, ಮೇಲೆ ಹೇಳಿದ ಎರಡನೆಯ ಓದು ತಾನಾಗಿಯೇ ಆಗಿಬಿಡುತ್ತದೆ. ಸಂಜೆಯ ಕುಟುಂಬ ಪ್ರಾರ್ಥನೆಯ ರೂಢಿ ಇನ್ನೂ ಇರುವ ಮನೆಗಳು ಇದನ್ನು ಅಲ್ಲಿಯೇ ಸೇರಿಸಿಕೊಳ್ಳಬಹುದು.

## ಎಚ್ಚರಿಕೆಯ ಲಕ್ಷಣಗಳು

ಕಣ್ಣುಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಚನದಿಂದ ಮಗಳ ಸಂಬಂಧವನ್ನೋ ಹೊಲದ ಮಾರಾಟವನ್ನೋ ತೀರ್ಮಾನಿಸುವ ಅಭ್ಯಾಸ ಆರಂಭವಾಗಿದ್ದರೆ ಓದು ಶಕುನ ಕೇಳುವುದಕ್ಕೆ ತಿರುಗಿದೆ. ಅಂಥ ನಿರ್ಧಾರಗಳನ್ನು ವಿಚಾರಿಸಿ, ಹಿರಿಯರನ್ನು ಕೇಳಿ, ಪ್ರಾರ್ಥಿಸಿ ಮಾಡಬೇಕು.

ಓದುವಾಗ ಪ್ರತಿ ವಚನಕ್ಕೂ ಸೊಸೆಯೋ ಅತ್ತೆಯೋ ಪಕ್ಕದ ಸಭೆಯವರೋ ನೆನಪಾಗುತ್ತಿದ್ದರೆ, ಅದನ್ನು ಸ್ಟೇಟಸ್ಸಿಗೆ ಹಾಕಿ ಅವರಿಗೆ ಮುಟ್ಟಿಸುವ ಆಸೆ ಹುಟ್ಟುತ್ತಿದ್ದರೆ, ಒಂದು ತಿಂಗಳು ಯಾವ ವಚನವನ್ನೂ ಯಾರಿಗೂ ಕಳಿಸದೆ ಓದಿ. ಪ್ರಸಂಗ ಮಾಡುವವರಿಗೂ ಸಂಡೇ ಸ್ಕೂಲ್ ಕಲಿಸುವವರಿಗೂ ಇದರ ಇನ್ನೊಂದು ರೂಪ ಕಾಡುತ್ತದೆ: ಓದಿದ್ದೆಲ್ಲ ಬೇರೆಯವರಿಗೆ ಹೇಳುವ ಸರಕಾಗುತ್ತದೆ. ಪಾಠದ ತಯಾರಿಗೂ ಸ್ವಂತ ಓದಿಗೂ ಬೇರೆ ಬೇರೆ ಪುಸ್ತಕಗಳನ್ನು ಇಟ್ಟುಕೊಂಡರೆ ಸ್ವಲ್ಪ ಮಟ್ಟಿಗೆ ತಪ್ಪಿಸಬಹುದು.

ಲೋಕಾಂತ್ಯದ ತಾರೀಖು ಲೆಕ್ಕ ಹಾಕುವ ವಿಡಿಯೋಗಳ ಹಿಂದೆ ಬಿದ್ದು ರಾತ್ರಿ ನಿದ್ದೆ ಕೆಡುತ್ತಿದ್ದರೆ ಮಾರ್ಕ 13:32ಕ್ಕೆ ಹಿಂದಿರುಗಿ. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದೆಂದು ಯೇಸುವೇ ಹೇಳಿರುವಾಗ ವಿಡಿಯೋ ಮಾಡುವವರಿಗೆ ತಿಳಿದಿರಲಾರದು.

ಎಲ್ಲಕ್ಕಿಂತ ಗಂಭೀರವಾದದ್ದು ದೇಹ ಮತ್ತು ಮನಸ್ಸಿನ ಕಾಯಿಲೆಯನ್ನು ಆತ್ಮಿಕ ಬರವೆಂದು ತಪ್ಪು ತಿಳಿಯುವುದು. ಬೈಬಲ್ ಓದುತ್ತಿದ್ದೇನೆಂದು ಬಿಪಿ, ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆಗಳನ್ನು ನಿಲ್ಲಿಸಬಾರದು. ಲೂಕನು ವೈದ್ಯನಾಗಿದ್ದನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 4:14 ಹೇಳುತ್ತದೆ, ಅವನ ವೃತ್ತಿಯನ್ನು ಯಾರೂ ಅವಿಶ್ವಾಸವೆಂದು ಕರೆಯಲಿಲ್ಲ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ದಣಿದು, ಸಾವು ಬೇಡಿಕೊಂಡು ಮಲಗಿದಾಗ ದೇವದೂತನು ಉಪದೇಶ ಕೊಡಲಿಲ್ಲ. ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ನಡುವೆ ಮಲಗಲು ಬಿಟ್ಟ. ಹೋರೇಬ್ ಬೆಟ್ಟದಲ್ಲಿ ದೇವರ ಮಾತು ಬಂದದ್ದು ಅದಾದ ಮೇಲೆ. ರಾತ್ರಿ ಪಾಳಿ ಮುಗಿಸಿ ಕಣ್ಣು ಎಳೆಯುತ್ತಿರುವವರು ಮೊದಲು ಮಲಗಲಿ, ಎದ್ದ ಮೇಲೆ ಓದಲಿ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಕೆಲಸದ ಮೇಲಿನ ಮನಸ್ಸು ಹೋಗಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ, ಅದನ್ನು ಅಧ್ಯಾಯಗಳನ್ನು ಹೆಚ್ಚಿಸಿ ಗುಣಪಡಿಸಲು ಹೋಗದೆ ಮನೆಯವರಿಗೆ ಅಂದೇ ಹೇಳಿ, ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸೆಯ ದಿನಗಳಲ್ಲಿ ಓದು ದಿನಕ್ಕೊಂದು ಚಿಕ್ಕ ಕೀರ್ತನೆಗೆ ಇಳಿದರೂ ಸಾಕು, ಅದನ್ನೂ ಬೇರೆಯವರು ಓದಿ ಕೇಳಿಸಬಹುದು.